ಲಾರಿಯಲ್ಲಿ ಬಂದ ಗುಲಾಬಿ

ರೆಡಿಮೇಡ್ ಬಟ್ಟೆಯ ಕಾಲದಲ್ಲಿ ಹೊಲಿಗೆಗೆ ಗಿರಾಕಿ ತಪ್ಪಿದ ಮೇಲೆ, ನಲವತ್ತಾರರ ವಯಸ್ಸಿನಲ್ಲಿ ಟೈಲರಕ್ಕ ಕಮ್ಯುನಿಟಿ ಕಾಲೇಜಿನ ತೋಟಗಾರಿಕೆ ಕೋರ್ಸಿಗೆ ಸೇರಿದಳು.

"ಈ ವಯಸ್ಸಲ್ಲಿ ಬ್ಯಾಗು ನೇತಾಕ್ಕೊಂಡು ಹೋಗ್ತೀಯಾ?" ಎಂದು ಗಂಡ ನಕ್ಕ.

"ನಿಮ್ಮ ಹೆಗಲಿಗೇನೂ ನೇತಾಕ್ತಿಲ್ವಲ್ಲ."

ಸಿಟ್ಟು ಅವಳಿಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ. ಆದರೆ ಕಸಿ ಕಟ್ಟಲು ಕೂತರೆ ಉಸಿರೂ ಕೇಳಿಸುತ್ತಿರಲಿಲ್ಲ. ಕಾಡುಗುಲಾಬಿಯ ತೊಗಟೆ ಸೀಳಿ, ಒಳ್ಳೆಯ ಜಾತಿಯ ಗುಲಾಬಿಯ ಚಿಗುರೊಡೆಯುವ ಕಣ್ಣೊಂದನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯುವ ಕೆಲಸ. ತರಗತಿಯ ಹುಡುಗಿಯರ ಕಸಿಗಳು ಒಣಗಿದರೂ ಇವಳ ಮೂವತ್ತೆರಡು ಕುಂಡಗಳಲ್ಲಿ ಒಂದೂ ಸಾಯಲಿಲ್ಲ. ರಜೆಯ ದಿನವೂ ಎರಡು ಬಸ್ಸು ಬದಲಿಸಿ ಹೋಗಿ ನೀರು ಹಾಕಿ ಬರುತ್ತಿದ್ದಳು.

ಕಾಲೇಜಿಗೆ ಮಾನ್ಯತೆ ಕೊಡುವ ಸಮಿತಿ ಬರುವ ದಿನ ಬೆಳಗ್ಗೆ ಹೋದರೆ ಅವಳ ಜಾಗದಲ್ಲಿ ಅರಳಿದ ಗುಲಾಬಿಗಳ ಸಾಲು ನಿಂತಿತ್ತು. ಯಾವುದೋ ನರ್ಸರಿಯಿಂದ ಲಾರಿಯಲ್ಲಿ ತರಿಸಿದ್ದು. ಅವಳ ಕುಂಡಗಳನ್ನು ಜನರೇಟರ್ ಕೋಣೆಯ ಹಿಂದೆ ಒಂದರ ಮೇಲೊಂದು ಎಸೆದಿದ್ದರು.

ವಿಭಾಗದ ಮುಖ್ಯಸ್ಥರು ನಗುತ್ತಲೇ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಅಮ್ಮಾ. ನಿಮ್ಮವು ಬರೀ ಕಡ್ಡಿ. ಬಂದೋರ ಕಣ್ಣಿಗೆ ಏನಾದ್ರೂ ಕಾಣಬೇಕಲ್ಲ."

"ಕಣ್ಣು ಚಿಗುರಿ ಎಂಟು ದಿನ ಆಯ್ತು ಸಾರ್. ಕಡ್ಡಿ ಅನ್ನೋಕೆ ನಿಮಗೆ ಬಾಯಾದ್ರೂ ಹೇಗೆ ಬರುತ್ತೆ?"

ಅವರು ಅವಳ ಕೈಗೊಂದು ಹೂಬಿಟ್ಟ ಕುಂಡ ಕೊಟ್ಟು ಸಾಲಿನಲ್ಲಿ ನಿಲ್ಲಿಸಿದರು. ಸಮಿತಿಯ ಹಿರಿಯ ಹೆಂಗಸು ಅವಳೆದುರು ನಿಂತು ಕೇಳಿದರು: "ಚೆನ್ನಾಗಿದೆ. ಕಸಿ ನೀವೇ ಮಾಡಿದ್ದಾ?"

"ಅಲ್ಲ ಮೇಡಂ. ಇದು ಬೆಳಗ್ಗೆ ಲಾರಿ ಇಳೀತು. ನಾನು ಮಾಡಿದ್ದನ್ನ ತಿಪ್ಪೆಗೆ ಹಾಕಿದಾರೆ. ಬನ್ನಿ, ತೋರಿಸ್ತೀನಿ."

ಮುಖ್ಯಸ್ಥರ ಮುಖ ಹುಳ್ಳಗಾಯಿತು. ಆ ಹೆಂಗಸು ಮಾತ್ರ ಅವಳ ಹಿಂದೆ ನಡೆದರು. ಒಡೆದ ಕುಂಡವೊಂದನ್ನು ಎತ್ತಿ ಮುರಿದ ಚಿಗುರನ್ನು ಬಹಳ ಹೊತ್ತು ನೋಡಿದರು. "ಅನ್ಯಾಯ" ಎಂದರು. ಕೊನೆಗೆ ಅವರ ಸಮಿತಿಯ ವರದಿಯಲ್ಲಿ ತೋಟಗಾರಿಕೆ ವಿಭಾಗದ ಬಗ್ಗೆ ಬಂದದ್ದು ಒಂದೇ ಪದ: 'ತೃಪ್ತಿಕರ'.

ಅದನ್ನು ಓದಿದ ದಿನ ಟೈಲರಕ್ಕ ಅನ್ನ ಮುಟ್ಟಲಿಲ್ಲ. ಎಸೆದ ಕುಂಡಗಳಲ್ಲಿ ಬದುಕಿ ಉಳಿದದ್ದು ಹನ್ನೊಂದು ಗಿಡ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಷ್ಟಕ್ಕೇ ಅಂಕ ಕೊಟ್ಟರು. ಮೂವತ್ತೆರಡಕ್ಕೂ ಅಂಕ ಕೊಡಿ ಎಂದು ಅವಳು ಅರ್ಜಿ ಬರೆದಳು. ತಿರಸ್ಕರಿಸಿದರು. ಮತ್ತೆ ಬರೆದಳು, "ಕಳೆದುಹೋಗಿದೆ" ಎಂದರು. ಮೂರನೆಯದನ್ನು ಕೈಯಲ್ಲೇ ಹಿಡಿದು ಕಚೇರಿಯ ಬೆಂಚಿನ ಮೇಲೆ ನಾಲ್ಕು ದಿನ ಕೂತಳು.

"ಹಟ ಬಿಡೇ, ಪಾಸಾದ್ಯಲ್ಲ" ಎಂದ ಗಂಡ.

"ಪಾಸು ಯಾರಿಗೆ ಬೇಕಿತ್ತು? ಮೂವತ್ತೆರಡೂ ಬದುಕಿದ್ವು ಅಂತ ಬರೀಲಿ."

ಐದನೆಯ ದಿನ ಅಂಕ ತಿದ್ದಿದರು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಗುಮಾಸ್ತನ ಕಿಟಕಿಯಲ್ಲೇ ಸಹಿ ಹಾಕಿ ಪ್ರಮಾಣಪತ್ರ ತೆಗೆದುಕೊಂಡು, ಮುಖ್ಯಸ್ಥರ ಕೋಣೆಯ ಕಡೆ ತಿರುಗಿಯೂ ನೋಡದೆ ಬಂದುಬಿಟ್ಟಳು. ಈಗ ನರ್ಸರಿಯೊಂದರಲ್ಲಿ ಕಸಿ ಕಟ್ಟುತ್ತಾಳೆ. ಕಾಲೇಜಿನ ಮಾತು ತೆಗೆದರೆ ಚಾಕು ಕೆಳಗಿಟ್ಟು ಎದ್ದು ಹೋಗುತ್ತಾಳೆ.