ಹೊಗಳಿದವಳೇ ಬಂದು ಮುಟ್ಟಬೇಕು

ಎಲ್ ಗವಿಲಾನ್ ಎಂಬ ನಮ್ಮ ಬೆಟ್ಟದ ಹಳ್ಳಿಯಲ್ಲಿ ದೆಲ್ಫಿನಾಳಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿರಲಿಲ್ಲ. ಪಾದ್ರಿ ಕೊಟ್ಟ ತೀರ್ಥವನ್ನೂ ಮೂಸಿ ನೋಡಿಯೇ ಹಣೆಗೆ ಹಚ್ಚಿಕೊಳ್ಳುವವಳು. ಅಂಗಡಿಯಿಂದ ತಂದ ಹಿಟ್ಟನ್ನು ಮನೆಯಲ್ಲಿ ಮತ್ತೆ ತೂಗುತ್ತಿದ್ದಳು. ತೂಕ ಸರಿಬಂದರೆ ಅನುಮಾನ ತನ್ನ ತಕ್ಕಡಿಯ ಮೇಲೆ ತಿರುಗುತ್ತಿತ್ತು.

ಗಂಡ ಬೆನಿಗ್ನೊ ಇರುವ ತನಕ ಹಿತ್ತಲ ಮೆಣಸಿನ ಪಾತಿ ಅವನದು, ಒಲೆ ಇವಳದು. ಆ ಮೆಣಸಿನ ಬೀಜ ಅವನ ತಾಯಿಯ ಕಾಲದ್ದು. ಮುದುಕಿ ಸಾಯುವ ಮುಂಚೆ ಅದನ್ನು ಮಗಳು ಲುಗಾರ್ದಾಳಿಗೆ ಕೊಡಲಿಲ್ಲ, ಸೊಸೆಯ ಕೈಗೆ ಹಾಕಿದಳು. ಬೀಜ ಮಣ್ಣಿನ ಜೊತೆ ಇರಬೇಕು, ಮದುವೆಯಾಗಿ ಹೋದವಳ ಹಿಂದೆ ಹೋಗಬಾರದು ಎಂದು ನಮ್ಮವರ ನಂಬಿಕೆ. ಲುಗಾರ್ದಾ ಹೋದದ್ದಾದರೂ ಎಷ್ಟು ದೂರ? ಬೇಲಿಯಾಚೆಯ ಮನೆಗೆ. ಮೂವತ್ತು ವರ್ಷ ಅಲ್ಲಿಂದಲೇ ತಾಯಿಯ ಮೆಣಸಿನಕಾಯಿ ಕೆಂಪಾಗುವುದನ್ನು ನೋಡಿದಳು. ದೆಲ್ಫಿನಾ ಒಂದು ಬೀಜವನ್ನೂ ಬೇಲಿ ದಾಟಿಸಲಿಲ್ಲ.

ಒಂದು ಚಳಿಗಾಲದಲ್ಲಿ ಬೆನಿಗ್ನೊ ತೀರಿಕೊಂಡ. ವಸಂತ ಬಂದಾಗ ದೆಲ್ಫಿನಾ ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ತಾನೇ ಬಿತ್ತಿದಳು. ಸಸಿ ಎಬ್ಬಿಸಿ ನೆಟ್ಟಳು, ಕುಡಿ ಚಿವುಟಿದಳು, ಬುಡಕ್ಕೆ ಮಣ್ಣು ಏರಿಸಿದಳು. ಸಹಾಯಕ್ಕೆ ಬಂದವರನ್ನೆಲ್ಲ ಬಾಗಿಲಿಂದಲೇ ವಾಪಸು ಕಳಿಸಿದಳು. ನಡುನಡುವೆ ದಣಿದಾಗ ಕಾಲುವೆಯ ಏರಿಯ ಮೇಲೆ ಕುಳಿತು, ಗೋಡೆ ಪಕ್ಕದಲ್ಲಿ ಬೆಳೆದ ಹೊಗೆಸೊಪ್ಪನ್ನು ಜೋಳದ ಸಿಪ್ಪೆಯಲ್ಲಿ ಸುತ್ತಿ ಸೇದುವಳು. ಅದು ಅವಳ ಹದಿನಾರನೆಯ ವಯಸ್ಸಿನಿಂದ ಬಂದ ಅಭ್ಯಾಸ. ಬೆನಿಗ್ನೊನಿಗೆ ಮಾತ್ರ ಆ ವಾಸನೆಯೇ ಆಗುತ್ತಿರಲಿಲ್ಲ.

ಜೂನ್ ಮೊದಲ ವಾರ ಲುಗಾರ್ದಾ ಬೇಲಿಗೆ ಮೊಣಕೈ ಊರಿ ನಿಂತು, "ಅಣ್ಣ ಇದ್ದಾಗ್ಲೂ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ ಕಣತ್ತಿಗೆ" ಅಂದಳು.

ಎರಡು ವಾರ ಕಳೆಯುವುದರೊಳಗೆ ಎಲೆ ಕೆಟ್ಟವು.

ದೆಲ್ಫಿನಾ ಗಂಡನ ಕನ್ನಡಕ ಹಾಕಿಕೊಂಡು ಒಂದೊಂದೇ ಎಲೆಯನ್ನು ಮಗುಚಿ ನೋಡಿದಳು. ಹೇನಿಲ್ಲ, ಅಂಟಿಲ್ಲ. ಬಿಳಿ ಬಟ್ಟೆ ಹಿಡಿದು ಕೊಂಬೆ ತಟ್ಟಿದಳು. ಹರಿದಾಡುವ ನುಸಿಯೂ ಉದುರಲಿಲ್ಲ. ಬುಡದಲ್ಲಿ ಬೆರಳು ತೂರಿಸಿದರೆ ಮಣ್ಣು ಹದವಾಗಿ ತೇವವಿತ್ತು. ನೀರು ಹೆಚ್ಚಾದರೆ ಕೆಳಗಿನ ಎಲೆ ಹಳದಿಯಾಗಿ ಜೋಲುತ್ತದೆ. ಇಲ್ಲಿ ಕೆಟ್ಟದ್ದು ಮೇಲಿನ ಚಿಗುರು. ಅದರ ಮೇಲೆ ತಿಳಿಹಸಿರು ಕಡುಹಸಿರಿನ ತೇಪೆ, ಮೈಯೆಲ್ಲ ಉಬ್ಬುತಗ್ಗು, ಹೊಸ ಎಲೆ ಕಿರಿದಾಗಿ ಸೊಟ್ಟಗೆ ತಿರುಚಿಕೊಂಡಿತ್ತು.

ಬೇಲಿಯಾಚೆಯಿಂದ ಕಳೆನಾಶಕ ಎರಚಿರಬಹುದೇ ಎಂದು ಬೇಲಿಯ ಪಕ್ಕದ ಗಿಡಗಳನ್ನು ಮೂಸಿದಳು. ಕಾಲುವೆಯ ನೀರು ಹಂಚುವವನು ಅವಳ ಪಾತಿಯ ಸರದಿಯಲ್ಲೇ ಏನಾದರೂ ಬೆರೆಸಿ ಬಿಟ್ಟನೇ ಎಂದು ನೀರು ನಾಲಿಗೆಗೆ ಮುಟ್ಟಿಸಿದಳು. ಕೊನೆಗೆ ಲುಗಾರ್ದಾಳ ಮಾತು ನೆನಪಾಯಿತು. ಹೊಗಳಿ, ಮುಟ್ಟದೆ ಹೋಗಿದ್ದಳು. ದೃಷ್ಟಿ. ಕೂಸನ್ನು ಚೆಂದ ಅಂದವರು ಅದರ ತಲೆ ಮುಟ್ಟಿಯೇ ಹೋಗಬೇಕು, ಇಲ್ಲದಿದ್ದರೆ ಕೂಸು ಬಾಡುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೊಗಳಿದವಳೇ ಬಂದು ಮುಟ್ಟಿದರೆ ಬಿಡುತ್ತದೆ.

ಆ ಗಿಡ ಸತ್ತರೆ ಬೀಜವೂ ಮುಗಿಯಿತು. ಅದಕ್ಕೇ ದೆಲ್ಫಿನಾ ಮೂವತ್ತು ವರ್ಷದಲ್ಲಿ ಮೊದಲ ಸಲ ಬೇಲಿಯ ಬಾಗಿಲು ತೆರೆದು ನಾದಿನಿಯನ್ನು ಕರೆದಳು. "ನೀನು ಹಾಕಿದ್ದನ್ನ ನೀನೇ ತೆಗಿ. ಒಂದೂ ಬಿಡ್ದೆ ಮುಟ್ಟು."

ಲುಗಾರ್ದಾಳಿಗೆ ನಗುವೋ ಸಿಟ್ಟೋ ತಿಳಿಯಲಿಲ್ಲ. ಆದರೂ ತಾಯಿಯ ಗಿಡ ಮುಟ್ಟುವ ಆಸೆಗೆ ಬಂದಳು. ಒಂದು ಸಾಲು ಮುಟ್ಟುತ್ತ ಹೋಗಿ ನಡುವೆ ನಿಂತಳು. ಎಲೆಯೊಂದನ್ನು ಬೆಳಕಿಗೆ ಹಿಡಿದಳು.

"ಅತ್ತಿಗೆ, ಕೈ ಕೊಡಿಲ್ಲಿ."

ದೆಲ್ಫಿನಾಳ ಬೆರಳುಗಳನ್ನು ಅವಳು ಮೂಸಿದಳು. ಹಳದಿ ಕಲೆ, ಹೊಗೆಸೊಪ್ಪಿನ ಘಾಟು. ಹೋದ ವರ್ಷ ತನ್ನ ಟೊಮೆಟೊ ಗಿಡಕ್ಕೂ ಹೀಗೇ ಆಗಿತ್ತೆಂದಳು. ಕೃಷಿ ಆಫೀಸಿನವನು ಬಂದು ನೋಡಿ, ಇದು ಹೊಗೆಸೊಪ್ಪಿನ ಗಿಡಕ್ಕೆ ಬರುವ ರೋಗ, ಒಣಸೊಪ್ಪಿನಲ್ಲೂ ಸಾಯುವುದಿಲ್ಲ, ಸೇದುವವರ ಬೆರಳಿನಿಂದ ಎಲೆಗೆ ಅಂಟುತ್ತದೆ, ಔಷಧಿಯಿಲ್ಲ, ಕಿತ್ತು ಸುಡಬೇಕು, ಅದರ ಬೀಜವನ್ನೂ ಇಡಬಾರದು ಅಂದಿದ್ದನಂತೆ.

"ನನ್ನ ಬೀಜ ನನ್ನ ಕೈಲೇ ಸುಡಿಸ್ಬೇಕು ಅಂತ ಎಷ್ಟು ದಿನದಿಂದ ಕಾದಿದ್ದೆ?" ದೆಲ್ಫಿನಾ ಕೇಳಿದಳು.

ಲುಗಾರ್ದಾ ಕಾಲುವೆಗೆ ಹೋಗಿ ಸೋಪು ಹಾಕಿ ಮೊಣಕೈ ತನಕ ತೊಳೆದುಕೊಂಡು ಮನೆಗೆ ಹೋದಳು.

ಅವಳು ಹೋದ ಮೇಲೆ ದೆಲ್ಫಿನಾ ಪಾತಿಯನ್ನು ತಾನು ಕೆಲಸ ಮಾಡಿದ ಕ್ರಮದಲ್ಲೇ ನಡೆದು ನೋಡಿದಳು. ಕುಡಿ ಚಿವುಟಲು ಶುರುಮಾಡಿದ ಬಾಗಿಲ ಕಡೆ ರೋಗ ಜಾಸ್ತಿ. ಸೇದಲು ಕುಳಿತೆದ್ದ ಏರಿಯಿಂದ ಮುಂದಕ್ಕೆ ಮತ್ತೆ ಜಾಸ್ತಿ. ತುದಿಯಲ್ಲಿ, ಕಲ್ಲುಗುಪ್ಪೆಯ ಆಚೆ, ಬಿದ್ದ ಬೀಜದಿಂದ ತಾವಾಗಿಯೇ ಎದ್ದ ಮೂರು ಗಿಡಗಳಿದ್ದವು. ಮಂಡಿನೋವಿಗೆ ಹೆದರಿ ಅವಳು ಅಲ್ಲಿಗೆ ಹೋಗಿರಲೇ ಇಲ್ಲ. ಆ ಮೂರರ ಎಲೆ ಕಡುಹಸಿರಾಗಿ, ಇಸ್ತ್ರಿ ಮಾಡಿದ ಹಾಗೆ ಸಪಾಟಾಗಿದ್ದವು.

ಯಾರನ್ನೂ ಒಳಗೆ ಬಿಡದೆ ಕಾದಿದ್ದಳು. ಒಳಗಿದ್ದವಳು ತಾನೊಬ್ಬಳೇ.

ಮರುದಿನ ಉಳಿದ ಗಿಡಗಳನ್ನೆಲ್ಲ ಕಿತ್ತು ಸುಟ್ಟಳು. ಆ ಮೂರರ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ. ಸೋಪು ಹಾಕಿ ಏಳು ಸಲ ತೊಳೆದರೂ ತನ್ನ ಕೈಯ ಮೇಲೆ ಅವಳಿಗೆ ನಂಬಿಕೆ ಬರಲಿಲ್ಲ. ಹೊಗೆಸೊಪ್ಪು ಬಿಡಲೂ ಆಗಲಿಲ್ಲ, ಆ ವಯಸ್ಸಿಗೆ. ಸಂಜೆ ಬೇಲಿಯ ಹತ್ತಿರ ನಿಂತು, ಮುಖ ಬೇರೆ ಕಡೆ ತಿರುಗಿಸಿ, "ಮೂರಿದಾವೆ. ನಿನ್ ಕೈಲಿ ನೋಡ್ಕೋ" ಅಂದಳು.

"ನಂಬ್ತೀಯಾ ಅತ್ತಿಗೆ?"

"ಇಲ್ಲ. ನೋಡ್ತಾ ಕೂತಿರ್ತೀನಿ."

ಹಾಗೆಯೇ ಕುಳಿತಳು. ದಿನಾ ಬೆಳಿಗ್ಗೆ ಲುಗಾರ್ದಾ ಬಂದು ತೊಳೆದ ಕೈಯನ್ನು ಅಂಗೈ ಮುಂಗೈ ಮಾಡಿ ತೋರಿಸಬೇಕು, ಆಮೇಲೆ ಗಿಡದ ಹತ್ತಿರ ಹೋಗಬೇಕು. ಹತ್ತು ಹೆಜ್ಜೆ ದೂರದಲ್ಲಿ ದೆಲ್ಫಿನಾ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು ಕಾಯಿ ಎಣಿಸುವಳು. ಆಗಸ್ಟಿನಲ್ಲಿ ಒಂದು ಸಲ ಲೆಕ್ಕ ತಪ್ಪಿ ಒಂದು ಕಾಯಿ ಕಮ್ಮಿ ಬಂತು. ನಾದಿನಿಯನ್ನು ಕಳ್ಳಿ ಅಂದಳು. ಅವಳು ಎಲೆ ಸರಿಸಿ ಕಾಯಿ ತೋರಿಸಿದಳು. ಎರಡು ದಿನ ಲುಗಾರ್ದಾ ಬರಲಿಲ್ಲ. ಮೂರನೆಯ ದಿನ ಗಿಡ ಬಾಗಿದ್ದು ತನ್ನ ಮನೆಯಿಂದಲೇ ಕಂಡು, ತಾನೇ ಬಂದು ನೀರು ತಿರುಗಿಸಿದಳು.

ಅಕ್ಟೋಬರಿನಲ್ಲಿ ಒಣಗಿದ ಕಾಯಿಗಳನ್ನು ಅಂಗಳದಲ್ಲಿ ಬಿಡಿಸಿದರು. ಅಂದರೆ ಲುಗಾರ್ದಾ ಬಿಡಿಸಿದಳು, ದೆಲ್ಫಿನಾ ನೋಡಿದಳು. ಬೀಜ ಡಬ್ಬಿಗೆ ಬಿದ್ದಾದ ಮೇಲೆ ಲುಗಾರ್ದಾ ಎದ್ದು ನಿಂತಳು.

"ಏಪ್ರನ್ ಕೊಡವ್ಲಾ?"

"ಕೊಡವು."

ಕೊಡವಿದಾಗ ಮಡಿಕೆಯಿಂದ ಏಳೆಂಟು ಬೀಜ ನೆಲಕ್ಕೆ ಬಿದ್ದವು. ಸಿಕ್ಕಿಕೊಂಡಿದ್ದವೋ, ಸಿಕ್ಕಿಸಿಕೊಂಡದ್ದೋ. ಲುಗಾರ್ದಾಳ ಮುಖ ಕೆಂಪಾಯಿತು. ದೆಲ್ಫಿನಾ ಆ ಮುಖವನ್ನೂ ಆ ಬೀಜಗಳನ್ನೂ ಸರದಿಯಲ್ಲಿ ಬಹಳ ಹೊತ್ತು ನೋಡಿದಳು. ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಅದುಮಿದಳು.

"ಕೋಳಿ ಬರ್ತಾವೆ," ಅಂದಳು. "ಬೇಗ ಆರಿಸ್ಕೊಂಡು ಮನೆಗೆ ನಡಿ."