ಮೂಗಕ್ಕನಿಗೆ ವಾಸನೆ ಹೋದ ವರ್ಷ

ಆಸ್ಪತ್ರೆಯ ಔಷಧ ಉಗ್ರಾಣ ನೋಡಿಕೊಳ್ಳುತ್ತಿದ್ದ ಆ ಹೆಂಗಸನ್ನು ಎಲ್ಲರೂ ಮೂಗಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಪಾಪ, ಮಾತು ಬಾರದ ಹೆಂಗಸೇನೋ ಅಂದುಕೊಳ್ಳುವುದಿತ್ತು. ಐದು ನಿಮಿಷ ಆಕೆಯ ಕಿಟಕಿಯ ಮುಂದೆ ನಿಂತರೆ ಆ ಅನುಮಾನ ಪರಿಹಾರವಾಗುತ್ತಿತ್ತು.

"ನೋವಿನ ಮಾತ್ರೆ ಅಂದ್ರೆ ಕಡಲೆಬೀಜ ಅಲ್ಲ ಕಣಪ್ಪ, ಬೇಕಾದಾಗೆಲ್ಲ ಬಾಯಿಗೆ ಹಾಕ್ಕೊಳ್ಳೋಕೆ. ನೆಗಡಿ ಮಾತ್ರೇನೂ ತಗೊಂಡಿದೀಯಾ? ಅದರಲ್ಲೂ ಇದೇ ಪ್ಯಾರಾಸಿಟಮಾಲ್ ಇದೆ. ಎರಡೂ ಸೇರಿದ್ರೆ ನಿನ್ನ ಲಿವರ್ ಏನಾಗ್ಬೇಕು?"

ಅಡ್ಡಹೆಸರು ಬಂದದ್ದು ಆಕೆಯ ಮೂಗಿನಿಂದ. ಆಸ್ಪಿರಿನ್ ಮಾತ್ರೆಗೆ ತೇವ ಆಗಿಬರುವುದಿಲ್ಲ. ಪಸೆ ತಗುಲಿದರೆ ಒಳಗೊಳಗೇ ಒಡೆದು ಎರಡು ಆಮ್ಲಗಳಾಗುತ್ತದೆ: ಹೊಟ್ಟೆ ಉರಿಸುವ ಸ್ಯಾಲಿಸಿಲಿಕ್ ಆಮ್ಲ ಒಂದು, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಇನ್ನೊಂದು. ನೋಡುವುದಕ್ಕೆ ಮಾತ್ರೆ ಬೆಳ್ಳಗೆ, ದುಂಡಗೆ ಇದ್ದ ಹಾಗೇ ಇರುತ್ತದೆ, ಹುಳಿ ವಾಸನೆ ಮಾತ್ರ ಏಳುತ್ತದೆ. ಮೂಗಕ್ಕ ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಉಸಿರೆಳೆದು, "ಇದು ಹೋಯ್ತು, ಆಚೆ ಇಡಿ" ಎಂದರೆ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ.

ಆಕೆಯ ಗಂಡ ಬಡಗಿ. ಮನೆಯಿಂದ ಎರಡು ಬೀದಿ ಆಚೆ ಆತನ ಶೆಡ್ಡು. ಸಂಜೆ ಆತ ಬಾಗಿಲು ದಾಟುವ ಮೊದಲೇ ಬಂದದ್ದು ಆಕೆಗೆ ತಿಳಿಯುತ್ತಿತ್ತು. ಹೆರೆದ ಮರ, ಪಾಲಿಶು, ದಿನದ ಬೆವರು ಎಲ್ಲ ಕಲೆತ ಒಂದು ವಾಸನೆ ಮುಂದಾಗಿ ಬಂದು ಅಡುಗೆಮನೆಯಲ್ಲಿ ನಿಲ್ಲುತ್ತಿತ್ತು. ಅದರ ಬಗ್ಗೆ ಆಕೆ ಯಾವತ್ತೂ ಮಾತೆತ್ತಿರಲಿಲ್ಲ. ಮಾತೆತ್ತುವಂಥ ವಿಷಯ ಅಂತಲೂ ಅನಿಸಿರಲಿಲ್ಲ.

ಆ ವರ್ಷ ಆಕೆಗೆ ಒಂದು ವಾರ ಜ್ವರ ಬಂತು. ಜ್ವರ ಬಿಟ್ಟಿತು, ವಾಸನೆಯನ್ನೂ ಜೊತೆಗೇ ತೆಗೆದುಕೊಂಡು ಹೋಯಿತು. ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದವಳು ತಿರುಗಿದರೆ ಹಿಂದೆಯೇ ಗಂಡ. ಬೆಚ್ಚಿಬಿದ್ದಳು. ಕೈಯಲ್ಲಿದ್ದ ಲೋಟ ಜಾರಿತು.

"ಯಾವಾಗ ಬಂದ್ರಿ?"

"ಆಗ್ಲೇ ಬಂದು ನೀರು ಕುಡಿದಾಯ್ತು. ಯಾಕೆ, ಕಳ್ಳನ್ನ ನೋಡಿದ ಹಾಗೆ ನೋಡ್ತೀಯಲ್ಲ?"

ಆಕೆ ನಕ್ಕು, ಬಗ್ಗಿ ಲೋಟ ಎತ್ತಿಕೊಂಡಳು. ಆತ ಊಟ ಮಾಡಿದ, ರೇಡಿಯೋ ಕೇಳಿದ, ಪಕ್ಕದಲ್ಲೇ ಕೂತು ಉಗುರು ಕತ್ತರಿಸಿಕೊಂಡ. ಎಲ್ಲಾ ಎಂದಿನಂತೆಯೇ. ಆದರೂ ಆಕೆಗೆ ಆತ ಎಲ್ಲೋ ದೂರ ಹೋಗಿದ್ದಾನೆ, ಇನ್ನೂ ಬಂದಿಲ್ಲ ಅನಿಸುತ್ತಿತ್ತು. ಎದುರಿಗೇ ಕೂತವನ ನೆನಪಾಗಿ ಕಣ್ಣು ತುಂಬಿಕೊಳ್ಳುವುದು ಎಂದರೆ ಯಾರಿಗೆ ಹೇಳುವುದು? ಆತ ಬಿಚ್ಚಿಟ್ಟ ಅಂಗಿಯನ್ನು ಒಗೆಯುವ ಮೊದಲು ಮುಖಕ್ಕೊತ್ತಿಕೊಂಡು ನಿಲ್ಲುತ್ತಿದ್ದಳು. ಬಟ್ಟೆ ಮೂಗಿಗೆ ಒರಟಾಗಿ ತಾಗುತ್ತಿತ್ತು, ಅಷ್ಟೇ.

ಆಸ್ಪತ್ರೆಯಲ್ಲೂ ಬಾಯಿ ಬಿಡಲಿಲ್ಲ. ಮೂಗಿಲ್ಲದ ಮೂಗಕ್ಕ ಎಂದು ನಗಲು ಬಿಡುವುದೆಂತು? ಹೊಸ ಡಬ್ಬಿಗಳಿಗೆಲ್ಲ ಮೂಗು ಒಡ್ಡಿ, ತಲೆಯಾಡಿಸಿ, ವಾರ್ಡಿಗೆ ಕಳಿಸುತ್ತಾ ನಾಲ್ಕು ತಿಂಗಳು ದಬ್ಬಿದಳು. ಒಂದು ಬೆಳಗ್ಗೆ ಹೃದ್ರೋಗಿಗಳ ವಾರ್ಡಿನ ನರ್ಸು ಆಸ್ಪಿರಿನ್ ಡಬ್ಬಿ ಹಿಡಿದುಕೊಂಡು ಉಗ್ರಾಣಕ್ಕೇ ಬಂದಳು.

"ಅಕ್ಕಾ, ಇದು ವಿಪರೀತ ಹುಳಿ ವಾಸನೆ ಹೊಡೀತಿದೆ. ನೀವು ನೋಡೇ ಕಳಿಸಿದ್ದಾ?"

ಮೂಗಕ್ಕ ಡಬ್ಬಿ ಕಸಿದುಕೊಂಡಳು. "ಯಾರಿಗಾದ್ರೂ ಕೊಟ್ಟೆಯಾ?"

"ಇಲ್ಲಕ್ಕ. ಮುಚ್ಚಳ ತೆಗೆದವಳೇ ಇಲ್ಲಿಗೆ ಬಂದೆ."

ಆಕೆ ಕೂತಲ್ಲೇ ತಪ್ಪುಗಳನ್ನು ವರದಿ ಮಾಡುವ ಹಾಳೆ ತೆಗೆದು, ಕಾರಣದ ಜಾಗದಲ್ಲಿ 'ಪರೀಕ್ಷಿಸಿದವಳಿಗೆ ವಾಸನೆ ತಿಳಿಯುವುದಿಲ್ಲ' ಎಂದು ಬರೆದು ಔಷಧ ವಿಭಾಗದ ಮುಖ್ಯಸ್ಥರ ಮುಂದಿಟ್ಟಳು. ಅವರು ಎರಡು ಸಲ ಓದಿದರು.

"ನಾಲ್ಕು ತಿಂಗಳು ಮುಚ್ಚಿಟ್ಟಿದ್ದು ತಪ್ಪು ಕಣಮ್ಮ."

"ಹೌದು ಸರ್."

"ನಿನ್ನ ಮೂಗೇ ಸಾಕು ಅಂತ ನಾವು ಕೂತಿದ್ದು ಇನ್ನೂ ದೊಡ್ಡ ತಪ್ಪು. ಓದಿದ ರಸಾಯನಶಾಸ್ತ್ರ ಎಲ್ಲಿಗೆ ಹೋಯ್ತು? ಫೆರಿಕ್ ಕ್ಲೋರೈಡ್ ಇಲ್ವಾ?"

ಆವತ್ತೇ ಮೂಗಕ್ಕ ನರ್ಸನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹಳೆಯ ಮಾತ್ರೆ ಒಂದನ್ನು ಪುಡಿಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ಫೆರಿಕ್ ಕ್ಲೋರೈಡಿನ ಹಳದಿ ದ್ರವದ ಒಂದು ತೊಟ್ಟು ಬಿಟ್ಟಳು. ಗಾಜಿನ ನಳಿಕೆಯಲ್ಲಿ ಕಡು ನೇರಳೆ ಬಣ್ಣ ಏರಿತು. ಒಡೆದ ಆಸ್ಪಿರಿನ್ನಿನ ಗುರುತು ಅದು. ಹೊಸ ಮಾತ್ರೆಗೆ ಬಣ್ಣ ಬಂದೂ ಬಾರದ ಹಾಗಿತ್ತು. "ಇದು ಮೂಗಿಗಿಂತ ವಾಸಿ ಅಕ್ಕ" ಎಂದಳು ನರ್ಸು. ಮೂಗಕ್ಕನಿಗೂ ಅದು ನಿಜವೆನಿಸಿತು. ಮುಂದೆ ಡಬ್ಬಿಗಳೆಲ್ಲ ಹೀಗೇ ಪರೀಕ್ಷೆಯಾದವು.

ಆ ಶನಿವಾರ ಮಧ್ಯಾಹ್ನ ಆಕೆ ನೇರ ಗಂಡನ ಶೆಡ್ಡಿಗೆ ಹೋದಳು. ಆತ ಹಲಗೆ ಹೆರೆಯುತ್ತಿದ್ದ. ಕಾಲ ಬಳಿ ಸುರುಳಿ ಸುರುಳಿಯಾಗಿ ತೆಳು ಚಕ್ಕೆ ಬಿದ್ದಿತ್ತು. ಸ್ಟೂಲಿನ ಮೇಲೆ ಕೂತು ಎಲ್ಲಾ ಹೇಳಿದಳು: ಜ್ವರ, ಲೋಟ, ಡಬ್ಬಿ, ಅಂಗಿ.

ಆತ ಕೆಲಸ ನಿಲ್ಲಿಸಿದ. "ನನ್ನ ಹತ್ರ ವಾಸನೆ ಬರ್ತಿತ್ತಾ?"

"ಬರ್ತಿತ್ತಾ ಅಂದ್ರೆ! ನಿಮಗೆ ಗೊತ್ತಿಲ್ವಾ?"

"ದಿನಾ ಇದರಲ್ಲೇ ಇರೋನು ನಾನು. ನಂಗೆ ಯಾವ ವಾಸನೇನೂ ಬಂದಿಲ್ಲಪ್ಪ." ಒಂದು ಸುರುಳಿ ಎತ್ತಿ ಮೂಸಿ ನೋಡಿದ, ಇಲ್ಲವೆಂದು ತಲೆಯಾಡಿಸಿದ.

ಮೂಗಕ್ಕ ಆ ಸುರುಳಿಯನ್ನು ಕೈಗೆ ತೆಗೆದುಕೊಂಡಳು. ಹಾಗಾದರೆ ಆ ವಾಸನೆ ಇಷ್ಟು ವರ್ಷ ತನ್ನೊಬ್ಬಳಲ್ಲೇ ಇತ್ತು. ಈಗ ತನ್ನಲ್ಲೂ ಇಲ್ಲದ ಮೇಲೆ ಎಲ್ಲೂ ಇಲ್ಲ.

"ಹೇಗಿತ್ತು ಹೇಳು" ಎಂದ ಆತ, ಎದುರಿಗೆ ನೆಲದ ಮೇಲೇ ಕೂತು.

ಮದ್ದುಗಳ ವಾಸನೆ ವಿವರಿಸು ಎಂದರೆ ಗಂಟೆಗಟ್ಟಲೆ ಹೇಳಬಲ್ಲವಳಿಗೆ ಒಂದು ಮಾತೂ ಸಿಗಲಿಲ್ಲ. "ಬಿಸಿಲಿಗಿಟ್ಟ ಹೊಸ ಪೆಟ್ಟಿಗೆ ತೆಗೆದ ಹಾಗೆ..." ಎಂದು ಶುರುಮಾಡಿ, "ಅಲ್ಲ, ಅದಲ್ಲ" ಎಂದು ಬಿಟ್ಟಳು. ಆತ ಕಾಯುತ್ತಾ ಕೂತ.

ಕಿವಿ ಮೂಗಿನ ಡಾಕ್ಟರು, ವಾಸನೆ ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಸಾಬೂನು ಒಂದು ದಿನ ಸುಟ್ಟ ರಬ್ಬರಿನಂತೆ ನಾರಿದ್ದು ಬಿಟ್ಟರೆ ಬೇರೇನೂ ಬಂದಿಲ್ಲ. ಶನಿವಾರ ಮಾತ್ರ ಆಕೆ ಶೆಡ್ಡಿಗೆ ಹೋಗುವುದನ್ನು ತಪ್ಪಿಸುವುದಿಲ್ಲ. ಆತ ಹೆರೆಯುತ್ತಿರುತ್ತಾನೆ, ಆಕೆ ಒಂದೊಂದೇ ಮಾತು ಹುಡುಕಿ ಹೇಳುತ್ತಾ, ಬೇಡವೆಂದು ಬಿಡುತ್ತಾ, ಕತ್ತಲಾಗುವವರೆಗೂ ಕೂತಿರುತ್ತಾಳೆ.