ಸೊಪ್ಪು ತರುವವಳು ಮಾತಾಡಬಾರದು

ಅರವತ್ತರ ದಶಕದ ಕೊನೆಯಲ್ಲಿ, ಗುರುಪುರದ ಹತ್ತಿರದ ನಮ್ಮ ಊರಲ್ಲಿ ಮಕ್ಕಳದೇ ಒಂದು ಯುದ್ಧದಾಟ ಇತ್ತು. ಭಟ ಹೊಡೆಯಬಹುದು, ಗಾಯ ವಾಸಿ ಮಾಡುವಂತಿಲ್ಲ. ಬಿಲ್ಲುಗಾರ ಹತ್ತಿರ ಬರುವಂತಿಲ್ಲ. ಮಂತ್ರವಾದಿ ಬೂದಿ ಎರಚಿದರೆ ಎದುರಿಗಿದ್ದವರು ಕಲ್ಲಾಗಿ ನಿಲ್ಲಬೇಕು, ಆದರೆ ಅವನು ಓಡಬಾರದು. ಪಂಡಿತ ಸೊಪ್ಪು ಮುಟ್ಟಿಸಿದರೆ ಸತ್ತವನೂ ಏಳಬೇಕು.

ಇವರನ್ನೆಲ್ಲ ನಾವು ಹುಟ್ಟಿಸಿದ್ದಲ್ಲ. ಪಿರಿಯಾಪಟ್ಟಣದ ಕೋಟೆ ಕಾದ ವಂಶ ನಮ್ಮದು ಎಂದು ತಾತ ಕೊಚ್ಚಿಕೊಳ್ಳುತ್ತಿದ್ದ. ಭಟ ಅಲ್ಲಿಂದ ಬಂದ. ಬಿಲ್ಲುಗಾರ ಅವನು ಹೇಳುತ್ತಿದ್ದ ಪುರಾಣದಿಂದ ಇಳಿದ. ಸುಗ್ಗಿ ಮುಗಿದ ಮೇಲೆ ಬರುತ್ತಿದ್ದ ಹಗಲುವೇಷದವರಲ್ಲಿ ಒಬ್ಬ ಬೂದಿ ಬಳಿದುಕೊಂಡು ಹೆದರಿಸುತ್ತಿದ್ದ, ಅವನೇ ಮಂತ್ರವಾದಿ. ಪಂಡಿತ ಮಾತ್ರ ಕಾಡಂಚಿನ ಗಿರಿಜನರ ಹಾಡಿಯ ಅಜ್ಜಿ, ನಾಟಿ ಔಷಧಿ ಕೊಡುವವಳು. ಸೊಪ್ಪು ಕಿತ್ತ ಮೇಲೆ ರೋಗಿಗೆ ಮುಟ್ಟಿಸುವತನಕ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಔಷಧಿಯ ಗುಣ ಹೋಗುತ್ತದೆ. ಆಟದಲ್ಲೂ ಅದೇ ಕಟ್ಟಳೆ.

ಪಂಡಿತನ ಪಾತ್ರ ಯಾವಾಗಲೂ ನನ್ನ ತಂಗಿಯದು. ಒಂಬತ್ತು ವರ್ಷದ ಅವಳಿಗೆ ಅಜ್ಜಿಯ ಹಿಂದೆ ಸುತ್ತುವುದೇ ಹುಚ್ಚು. ಮುಂಗಾರು ಹಿಡಿದ ಮೇಲೆ ಗಿಡಗಳನ್ನು ತೋರಿಸಿಕೊಡಲು ಅಜ್ಜಿ ಒಪ್ಪಿದ್ದಳು.

ಅಷ್ಟರಲ್ಲಿ ಒಂದು ದಿನ ಅಜ್ಜಿ ಅವ್ವನ ಮಂಡಿನೋವಿಗೆ ಎಣ್ಣೆ ಕಾಯಿಸಿ, ಮಡಕೆಯನ್ನು ನಮ್ಮ ಅಂಗಳದಲ್ಲಿ ಆರಲು ಇಟ್ಟಿದ್ದಳು. ನಾನು ಭಟ. ಆಟದಲ್ಲಿ ನನಗೆ ಬಾಣ ತಗುಲಿತ್ತು, ಉಳಿದವರು ಬೇಲಿಯಾಚೆ ಓಡಿದ್ದರು, ತಂಗಿ ಸೊಪ್ಪಿಗೆ ಹೋಗಿದ್ದಳು. ಸುಮ್ಮನೆ ಬಿದ್ದಿರಲಾರದೆ ದೊಣ್ಣೆ ಬೀಸಿದೆ. ಮಡಕೆ ಒಡೆಯಿತು. ಓಡಿ ಹುಲ್ಲಿನ ಮೆದೆಯ ಹಿಂದೆ ಅವಿತೆ. ಸೊಪ್ಪು ಹಿಡಿದು ಬಂದ ತಂಗಿ ಚೂರುಗಳ ನಡುವೆ ನಿಂತಳು.

“ಯಾರಮ್ಮಿ ಒಡ್ದಿದ್ದು?” ಅಪ್ಪ ಕೇಳಿದ.

ಅವಳು ತುಟಿ ಬಿಗಿಹಿಡಿದು ಕಣ್ಣಲ್ಲೇ ನನ್ನನ್ನು ಹುಡುಕುತ್ತಿದ್ದಳು.

“ಬಾಯ್ಗೇನು ಮುದ್ದೆ ತುರ್ಕೊಂಡಿದ್ದೀಯಾ? ಬೊಗಳೇ!”

ನಾನು ಎದ್ದು ಬಂದು ಸೊಪ್ಪು ಮುಟ್ಟಿಸಿಕೊಂಡಿದ್ದರೆ ಅವಳು ಮಾತಾಡಬಹುದಿತ್ತು. ನಾನು ಬರಲಿಲ್ಲ. ಅಪ್ಪ ಹುಣಸೆ ಬರಲಿನಿಂದ ಬಾರಿಸಿದ. ಸಂಜೆ ಸೊಪ್ಪು ಬಾಡಿದ ಮೇಲೆ ಅವಳು “ನಾನಲ್ಲ” ಎಂದಾಗ “ಆಗ್ಯಾಕೆ ಸುಮ್ಕಿದ್ದೆ?” ಎಂದರು ಎಲ್ಲರೂ. ಅಜ್ಜಿಯೂ ನಂಬಲಿಲ್ಲ. “ಸುಳ್ಳೇಳೋ ಕೈಗೆ ನಾನು ಸೊಪ್ಪು ಕೊಡಾಕಿಲ್ಲ” ಎಂದು ಹೊರಟುಹೋದಳು.

ಎಂಟು ದಿನ ತಂಗಿ ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ ನಾನು ಹಾಡಿಗೆ ಹೋದೆ.

“ಮಡ್ಕೆ ಒಡ್ದಿದ್ದು ನಾನು ಕಣಜ್ಜಿ. ಮೆದೆ ಇಂದೆ ಅವಿತ್ಕೊಂಡಿದ್ದೆ. ಅವ್ಳು ಪಂಡಿತನಾಟ ಆಡ್ತಿದ್ಲು, ಅದ್ಕೇ ಬಾಯಿ ಬುಡ್ನಿಲ್ಲ.”

“ಏಟು ಬಿದ್ರೂವಾ?”

“ಊಂ.”

ಅಜ್ಜಿ ಎಲೆಯಡಿಕೆ ಉಗಿದು ನಕ್ಕಳು. “ಬಾರಿ ಬಟ ಕಣ್ಲಾ ನೀನು, ಮೆದೆ ಇಂದ್ಲ ಬಟ! ಓಗು, ನಾಳೀಕೆ ಅವ್ಳನ್ನ ಕಳ್ಸು. ಯಾಕೆ ಅಂತ ನೀನೇ ಯೋಳು.”

ಮನೆಗೆ ಬಂದು “ಅಜ್ಜಿ ಬರಾಕೆ ಯೋಳ್ತು” ಎಂದಷ್ಟೇ ಹೇಳಿದೆ. ತಂಗಿ ಕುಣಿದಾಡಿದಳು. ಯಾಕೆಂದು ನಾನು ಹೇಳಲಿಲ್ಲ. ಅಪ್ಪ ಸಾಯುವತನಕ ಅವಳನ್ನು ತಮಾಷೆಗೆ “ಮಡ್ಕೆ ಒಡ್ದೋಳು” ಎನ್ನುತ್ತಿದ್ದ. ನಾನೂ ಜೊತೆಗೆ ನಗುತ್ತಿದ್ದೆ.

ಈಗ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಅವಳ ಮನೆಗೆ ಸುತ್ತಲಿನ ಊರುಗಳಿಂದ ಜನ ಬರುತ್ತಾರೆ. ಬೆಳಗ್ಗೆ ಅವಳು ಸೊಪ್ಪು ಹಿಡಿದು ಬರುವಾಗ ಎದುರಾದವರು ಮಾತಾಡಿಸದೆ ದಾರಿ ಬಿಡುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನತನಕ. ಇಷ್ಟು ಬರೆಯಲು ತಿಂಗಳು ಹಿಡಿಯಿತು. ಅವಳಿಗೆ ಓದಲು ಬಾರದು. ನಾಳೆ ಮೊದಲ ಬಸ್ಸಿಗೆ ಹೋಗಿ ನಾನೇ ಓದಿ ಹೇಳುತ್ತೇನೆ.